ಗಜದ ಮೇಲಿನ ಗೆರೆ

ಮನೆಯಲ್ಲಿ ಬಂದೂಕಿಲ್ಲದ, ಇನ್ನು ಮುಂದೆ ಇಟ್ಟುಕೊಳ್ಳುವ ಇಚ್ಛೆಯೂ ಇಲ್ಲದ ನನ್ನಂಥವನು ಪಿಸ್ತೂಲಿನ ತೋಟಾದ ಉದ್ದವನ್ನು ಕುರಿತು ಮಾತನಾಡಲು ಕುಳಿತರೆ ಕೇಳುವವರಿಗೆ ಸೋಜಿಗವಾಗುವುದು ಸಹಜ. ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಲೇಜಿನ ಹುಡುಗರಿಗೆ ಭೌತಶಾಸ್ತ್ರ ಹೇಳಿದವನು. ಒತ್ತಡ, ಗಾತ್ರ, ಉಷ್ಣತೆ ಈ ಮೂರರ ಸಂಬಂಧವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆಯೋ ಲೆಕ್ಕವಿಲ್ಲ. ಆದರೆ ಆ ಸಂಬಂಧವು ಮನುಷ್ಯನ ಬೆರಳುಗಳನ್ನು ಹೇಗೆ ಕಿತ್ತುಕೊಳ್ಳಬಲ್ಲದೆಂಬುದನ್ನು ಕಲಿತದ್ದು ಕಾಲೇಜಿನಲ್ಲಲ್ಲ. ಯಲಬುರ್ಗಾ ತಾಲ್ಲೂಕಿನ ಒಂದು ಎರೆಹೊಲದಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ. ಆ ಪಾಠ ಹೋದ ವರ್ಷ ಮತ್ತೆ ಉಪಯೋಗಕ್ಕೆ ಬಂದಿತು. ಬಂದ ಬಗೆಯೇ ಈ ಭಾಷಣಕ್ಕೆ ಕಾರಣ.

ನನ್ನ ಅಣ್ಣನ ಮಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಎಂಜಿನಿಯರ್ ಆಗಿದ್ದಾನೆ. ಕೊಪ್ಪಳದಲ್ಲಿ ಹುಟ್ಟಿ, ಗಂಗಾವತಿಯಲ್ಲಿ ಓದಿ, ಈಗ ಅಲ್ಲಿಯ ಮನೆಯ ಹಿಂಭಾಗದ ಮೋಟಾರುಖಾನೆಯಲ್ಲಿ ಒಂದು ಕೈಪ್ರೆಸ್ಸನ್ನು ಇಟ್ಟುಕೊಂಡು ಭಾನುವಾರದ ಗುರಿಯಾಟಕ್ಕೆ ಬೇಕಾದ ತೋಟಾಗಳನ್ನು ತಾನೇ ತುಂಬಿಕೊಳ್ಳುತ್ತಾನೆ. ಅಲ್ಲಿ ಇದು ಲಕ್ಷಾಂತರ ಜನರ ಹವ್ಯಾಸ. ಒಮ್ಮೆ ಹಾರಿಸಿದ ಹಿತ್ತಾಳೆಯ ಕವಚವನ್ನು ಎಸೆಯದೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಸೇರಿಸಿ ಮತ್ತೆ ಬಳಸುವುದು. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ತೋಟಾವನ್ನಾಗಲಿ ತಯಾರಿಸುವುದು ಅಪರಾಧ. ಒಂಬತ್ತು ಮಿಲಿಮೀಟರಿನ ಪಿಸ್ತೂಲಂತೂ ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಅದು ಸೈನ್ಯ, ಪೊಲೀಸರ ಆಯುಧ. ಆದ್ದರಿಂದ ಈ ಮಾತುಗಳನ್ನು ಕೇಳಿ ನಮ್ಮೂರಿನ ಯಾರೂ ಹಿತ್ತಲಲ್ಲಿ ಪ್ರಯೋಗಕ್ಕೆ ಇಳಿಯಬಾರದೆಂದು ಮೊದಲೇ ಹೇಳಿಬಿಡುತ್ತೇನೆ.

ಶ್ರಾವಣದ ಒಂದು ಬೆಳಿಗ್ಗೆ ಅವನಿಂದ ಫೋನು ಬಂತು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಏನೋ ಸಣ್ಣ ವಿಷಯವೆಂಬಂತೆ ಅವನು ಹೇಳಿದ: "ಕಾಕಾ, ಪುಸ್ತಕದಾಗ ಬರದಷ್ಟು ಉದ್ದ ಇಟ್ಟರ ತೋಟಾ ನನ್ನ ಪಿಸ್ತೂಲಿನ್ಯಾಗ ಪೂರ್ತಿ ಹೋಗಾಕ ಒಲ್ಲದು. ಅದಕ್ಕ ಗುಂಡು ಸ್ವಲ್ಪ ಒಳಗ ಒತ್ತೀನಿ. ಐದು ಹಾರಿಸಿ ನೋಡಿದೆ. ಒದೆತ ಜೋರ ಆಗೇತಿ, ಕೇಪು ಚಪ್ಪಟಿ ಆಗ್ಯಾವು. ದೊಡ್ಡಜ್ಜ ಹೇಳತಿದ್ನಲ್ಲ, ಗುಂಡು ಗಟ್ಟಿಯಾಗಿ ಒತ್ತಿದಷ್ಟೂ ಛಲೋ ಅಂತ?"

ಕೊನೆಯ ವಾಕ್ಯ ಕೇಳಿದಾಗ ನನ್ನ ಕೈ ನಡುಗಿತು. "ಇನ್ನೆಷ್ಟು ಅದಾವ?" ಎಂದು ಕೇಳಿದೆ. ಎರಡು ನೂರು ತುಂಬಿದ್ದನಂತೆ, ನೂರಾ ತೊಂಬತ್ತೈದು ಉಳಿದಿದ್ದುವು. "ತಮ್ಮಾ, ಒಂದನ್ನೂ ಮುಟ್ಟಬ್ಯಾಡ. ಸಂಜೀಗೆ ನಾನ ಮಾತಾಡತೀನಿ" ಎಂದು ಫೋನು ಇಟ್ಟೆ. ನನ್ನ ದೊಡ್ಡಪ್ಪ ಹೇಳುತ್ತಿದ್ದ ಮಾತು ಸುಳ್ಳಲ್ಲ. ಅವನ ಬಂದೂಕಿಗೆ ಅದು ಪರಮಸತ್ಯ. ಈ ಹುಡುಗನ ಪಿಸ್ತೂಲಿಗೆ ಅದೇ ಮಾತು ಪ್ರಾಣಾಂತಕ. ಒಂದೇ ಮಾತು ಒಂದೆಡೆ ಕಾಯುವುದೂ ಇನ್ನೊಂದೆಡೆ ಕೊಲ್ಲುವುದೂ ಹೇಗೆಂಬುದನ್ನು ಬಿಡಿಸಿ ಹೇಳಬೇಕಾದರೆ ಮೊದಲು ದೊಡ್ಡಪ್ಪನ ಬಂದೂಕಿನಿಂದಲೇ ಹೊರಡಬೇಕು.

ಇಂದು ಕೊಪ್ಪಳವೇ ಒಂದು ಜಿಲ್ಲೆ. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ರಾಯಚೂರಿನಿಂದ ಬೇರ್ಪಡಿಸಿ ರಚಿಸಿದ್ದು. ನಾನು ಹೇಳುವ ಕಾಲದಲ್ಲಿ ನಾವಿನ್ನೂ ರಾಯಚೂರು ಜಿಲ್ಲೆಯವರು. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆ ಬಂದು ಭತ್ತ ಬೆಳೆಯತೊಡಗಿದ್ದರು. ನಮ್ಮ ಯಲಬುರ್ಗಾ, ಕುಷ್ಟಗಿಗಳ ಕಡೆ ಮಳೆಯೇ ದೇವರು. ಜೋಳ, ಸಜ್ಜೆ, ಶೇಂಗಾ, ಹೆಸರು. ಗಂಗಾವತಿಯ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆ. ನಮ್ಮ ಬಯಲಿನಲ್ಲಿ ತೋಳ, ಕಾಡುಹಂದಿ, ಹಿಂಡುಹಿಂಡಾಗಿ ಬರುವ ಕೃಷ್ಣಮೃಗ. ಕೃಷ್ಣಮೃಗವನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಘೋರ ಅಪರಾಧವಾಯಿತು, ಆದದ್ದು ಒಳ್ಳೆಯದೇ ಆಯಿತು. ಅವು ಇಂದಿಗೂ ಬಂದು ಬೆಳೆ ಮೇಯುತ್ತಲೇ ಇವೆ, ರೈತನು ಇಂದಿಗೂ ರಾತ್ರಿ ಕಾಯುತ್ತಲೇ ಇದ್ದಾನೆ. ಅಂದು ಹೀಗೆ ಕಾಯುವವರಲ್ಲಿ ಕೆಲವರಿಗೆ ಬೆಳೆರಕ್ಷಣೆಗೆಂದು ಬಂದೂಕಿನ ಲೈಸೆನ್ಸು ಇರುತ್ತಿತ್ತು. ದೊಡ್ಡಪ್ಪನಿಗೂ ಇತ್ತು.

ಅದು ಬಾಯಿಯಿಂದ ಮದ್ದು ತುಂಬುವ, ಕೇಪಿನ ಬಂದೂಕು. ಮೊದಲು ಅಳತೆಯ ಕರಿಮದ್ದನ್ನು ನಳಿಗೆಗೆ ಸುರಿಯಬೇಕು. ಮೇಲೆ ನಾರಿನ ಉಂಡೆ. ಅದರ ಮೇಲೆ ಗುಂಡು ಅಥವಾ ಚರೆ. ಅದು ಉರುಳಿ ಹೊರಬೀಳದಂತೆ ಮತ್ತೊಂದು ನಾರಿನ ಉಂಡೆ. ಒಂದೊಂದು ಹಂತದಲ್ಲಿಯೂ ಗಜವೆಂಬ ಕಬ್ಬಿಣದ ಸಲಾಕೆಯಿಂದ ಒತ್ತಿ ಬುಡಕ್ಕೆ ಕೂರಿಸಬೇಕು. ಈ ಗಜದ ಮೇಲೆ ದೊಡ್ಡಪ್ಪ ಅರದಿಂದ ಎರಡು ಗೆರೆ ಕೊರೆದಿದ್ದ. ಖಾಲಿ ನಳಿಗೆಯಲ್ಲಿ ಗಜ ಬುಡ ಮುಟ್ಟಿದರೆ ಮೇಲಿನ ಗೆರೆ ನಳಿಗೆಯ ಬಾಯಿಗೆ ಸರಿಹೊಂದುತ್ತಿತ್ತು. ಈಡು ಸರಿಯಾಗಿ ತುಂಬಿದ್ದರೆ ಕೆಳಗಿನ ಗೆರೆ ಸರಿಹೊಂದುತ್ತಿತ್ತು. ಎರಡು ಗೆರೆಗಳ ನಡುವೆ ಮೂರು ಬೆರಳ ಅಂತರ. ಆ ಮೂರು ಬೆರಳೇ ಒಂದು ಈಡಿನ ಉದ್ದ. ಶಾಲೆಯ ಮುಖ ಕಾಣದ ಆ ಮನುಷ್ಯ ಒಂದು ಅಳತೆಯ ಉಪಕರಣವನ್ನು ತಾನೇ ರೂಪಿಸಿಕೊಂಡಿದ್ದನೆಂಬುದು ಆಗ ನನಗೆ ಹೊಳೆದಿರಲಿಲ್ಲ.

ಕೆಳಗಿನ ಗೆರೆ ನಳಿಗೆಯ ಬಾಯಿಗಿಂತ ಮೇಲೆ ನಿಂತರೆ ಅರ್ಥ ಎರಡೇ. ಒಂದೋ ಗುಂಡು ಮದ್ದಿನ ಮೇಲೆ ಕೂತಿಲ್ಲ, ನಡುದಾರಿಯಲ್ಲಿ ಸಿಕ್ಕಿಕೊಂಡಿದೆ; ಇಲ್ಲವೇ ಒಳಗೆ ಆಗಲೇ ಒಂದು ಈಡು ಇದ್ದು ಅದರ ಮೇಲೆ ಇನ್ನೊಂದು ಬಿದ್ದಿದೆ. ಮದ್ದಿಗೂ ಗುಂಡಿಗೂ ನಡುವೆ ತೆರಪು ಉಳಿದರೆ, ಸಿಡಿದ ಹೊಗೆಯು ನಿಂತ ಗುಂಡಿಗೆ ರಭಸದಿಂದ ಬಡಿದು ಆ ಜಾಗದಲ್ಲಿಯೇ ನಳಿಗೆಯನ್ನು ಉಬ್ಬಿಸುತ್ತದೆ, ಹಳೆಯ ಕಬ್ಬಿಣವಾದರೆ ಸೀಳುತ್ತದೆ. ದೊಡ್ಡಪ್ಪ ಅನ್ನುತ್ತಿದ್ದ: "ಗುಂಡು ಮದ್ದಿನ ಮ್ಯಾಲ ಗಟ್ಟಿಯಾಗಿ ಕೂಡಬೇಕು ನೋಡ. ನಡುವ ಗಾಳಿ ಇರಬಾರದು." ಟೆಕ್ಸಾಸಿನ ಹುಡುಗನಿಗೆ ಮೂರು ತಲೆಮಾರು ದಾಟಿ ತಲುಪಿದ್ದು ಈ ಮಾತು, ಅದರ ಮೊದಲ ಅರ್ಧ ಮಾತ್ರ.

1964ರ ಹಿಂಗಾರಿನಲ್ಲಿ, ಜೋಳ ಹಾಲು ತುಂಬಿದ ದಿನಗಳಲ್ಲಿ, ದೊಡ್ಡಪ್ಪನ ಜೊತೆ ನಾನು ಹೊಲ ಕಾಯಲು ಹೋಗಿದ್ದೆ. ನಡುರಾತ್ರಿ ಹಂದಿಗಳ ಸದ್ದಾಗಿ ಅವನು ಕುದುರೆ ಎಳೆದು ಬಿಟ್ಟ. ಕೇಪು ಸಿಡಿಯಿತು, ಮದ್ದು ಹತ್ತಲಿಲ್ಲ. ಅದೇ ಗಳಿಗೆಗೆ ಪಕ್ಕದ ಹೊಲದಿಂದ ಯಾರೋ ಈಡು ಹಾರಿಸಿದರು. ಅವನು ಬಂದೂಕನ್ನು ಮಂಚಿಕೆಗೆ ಒರಗಿಸಿ, ಕೋಲು ಹಿಡಿದು ಕೂಗುತ್ತ ಬದುವಿನತ್ತ ಓಡಿದ. ನಿದ್ದೆಗಣ್ಣಿನ ನಾನು ನಮ್ಮದೇ ಬಂದೂಕು ಹಾರಿತೆಂದು ತಿಳಿದೆ. ಅವನಿಗೆ ನೆರವಾಗಬೇಕೆಂಬ ಹುಮ್ಮಸ್ಸಿನಲ್ಲಿ ಮದ್ದು ಸುರಿದೆ, ಉಂಡೆ ಇಟ್ಟೆ, ಗುಂಡು ಹಾಕಿದೆ, ಗಜ ಹೊಡೆದೆ. ಕಂದೀಲಿನ ಬೆಳಕಿನಲ್ಲಿ ಗೆರೆ ಮೂರು ಬೆರಳು ಮೇಲೆ ನಿಂತದ್ದು ನನಗೆ ಕಂಡಿತು. ಕಂಡಿತು ಎಂಬುದನ್ನು ಒತ್ತಿ ಹೇಳುತ್ತೇನೆ. ನಾರು ಹೆಚ್ಚಾಗಿರಬೇಕೆಂದು ನನಗೆ ನಾನೇ ಹೇಳಿಕೊಂಡು, ಬೈಗುಳಕ್ಕೆ ಹೆದರಿ, ಗಜವನ್ನು ಅದರ ಜಾಗಕ್ಕೆ ಸೇರಿಸಿಬಿಟ್ಟೆ. ದೊಡ್ಡಪ್ಪ ಬಂದು ಹೊಸ ಕೇಪು ಏರಿಸಿದ. ಈ ಸಲ ಮದ್ದು ಹತ್ತಿತು. ನಳಿಗೆ ಬುಡದಿಂದ ಗೇಣುದ್ದ ಸೀಳಿ ಅವನ ಎಡಗೈಯ ಎರಡು ಬೆರಳುಗಳನ್ನು ಒಯ್ದಿತು.

ಚಕ್ಕಡಿಯಲ್ಲಿ ಅವನನ್ನು ಒಯ್ಯುವಾಗ ಬಟ್ಟೆ ಸುತ್ತಿದ ಆ ಕೈಯನ್ನು ನಾನೇ ಹಿಡಿದುಕೊಂಡಿದ್ದೆ. ಯಾರು ಕೇಳಿದರೂ ಅವನದು ಒಂದೇ ಉತ್ತರ: "ನಾನ ಮರತು ಎರಡ ಸಲ ತುಂಬಿದೆ." ಅವನು ತುಂಬಿರಲಿಲ್ಲವೆಂಬುದು ಅವನಿಗೆ ಗೊತ್ತಿತ್ತು; ತುಂಬಬಹುದಾದ ಇನ್ನೊಬ್ಬನು ಯಾರೆಂಬುದೂ ಗೊತ್ತಿತ್ತು. ಅವನು ಬದುಕಿದ್ದ ಇನ್ನೂ ಇಪ್ಪತ್ತೆರಡು ವರ್ಷ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ಹೀಗೆ ಎರಡು ಸಲ ತುಂಬುವ ತಪ್ಪು ನಮ್ಮ ಹೊಲಕ್ಕಷ್ಟೇ ಸೇರಿದ್ದಲ್ಲವೆಂಬುದನ್ನು ಬಹಳ ವರ್ಷಗಳ ಮೇಲೆ ಓದಿದೆ. 1863ರ ಜುಲೈಯಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನ ಮುಗಿದ ಮೇಲೆ ರಣರಂಗದಿಂದ ಆಯ್ದು ತಂದ ಸುಮಾರು 27,000 ಬಂದೂಕುಗಳಲ್ಲಿ 24,000ದಷ್ಟು ತುಂಬಿದ ಸ್ಥಿತಿಯಲ್ಲಿದ್ದು, ಅವುಗಳಲ್ಲಿ ಅರ್ಧದಷ್ಟರೊಳಗೆ ಎರಡೆರಡು ಈಡುಗಳಿದ್ದುವೆಂದು ವರದಿಯಾಯಿತು. ಗದ್ದಲದಲ್ಲಿ ತನ್ನ ಬಂದೂಕು ಹಾರಿತೋ ಪಕ್ಕದವನದು ಹಾರಿತೋ ಸಿಪಾಯಿಗೂ ತಿಳಿಯುವುದಿಲ್ಲ. ಇದನ್ನು ಓದಿ ನನಗೆ ಸಮಾಧಾನವಾಯಿತೆಂದರೆ ಅದು ಪೂರ್ತಿ ನಿಜವಲ್ಲ.

ಮದ್ದು, ಗುಂಡುಗಳನ್ನು ಬೇರೆ ಬೇರೆ ಸುರಿಯುವುದರ ಬದಲು ಒಂದೇ ಪೊಟ್ಟಣ ಮಾಡಿಟ್ಟುಕೊಂಡದ್ದೇ ತೋಟಾ. ಆ ಮಾತು ಕೇಳಿದೊಡನೆ ನಮ್ಮವರಿಗೆ ನೆನಪಾಗುವುದು 1857. ಅಂದಿನ ಎನ್‌ಫೀಲ್ಡ್ ಬಂದೂಕಿನ ತೋಟಾ ಜಿಡ್ಡು ಸವರಿದ ಕಾಗದದ ಸುರುಳಿ. ಸಿಪಾಯಿ ಅದನ್ನು ಹಲ್ಲಿನಿಂದ ಹರಿದು ಮದ್ದು ಸುರಿದು ಗುಂಡನ್ನು ಗಜದಿಂದಲೇ ಒತ್ತಬೇಕಾಗಿತ್ತು. ಆ ಜಿಡ್ಡಿನಿಂದ ಹೊತ್ತಿದ ಕಿಚ್ಚು ನಮ್ಮ ಕಡೆಗೂ ಬಂತು. ಆಯುಧ ಕಸಿಯುವ ಕಾಯಿದೆಯನ್ನು ಪ್ರತಿಭಟಿಸಿ ಹಲಗಲಿಯ ಬೇಡರು 1857ರಲ್ಲಿ ಹೋರಾಡಿ ಮಡಿದರು. 1858ರಲ್ಲಿ ಮುಂಡರಗಿಯ ಭೀಮರಾಯ ಕೊಪ್ಪಳದ ಕೋಟೆಯನ್ನು ಹಿಡಿದು ಅಲ್ಲಿಯೇ ಪ್ರಾಣ ಬಿಟ್ಟ. ಟೀಪೂ ಸುಲ್ತಾನನು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ್ದ ಕೋಟೆ ಅದು. ಅದಿರಲಿ. ಕಾಗದ ಹೋಗಿ ಹಿತ್ತಾಳೆಯ ಕವಚ ಬಂದ ಮೇಲೆ ಗಜದ ಕೆಲಸ ಕಾರ್ಖಾನೆಗೆ ಹೋಯಿತು. ಗುಂಡು ಎಷ್ಟು ಆಳಕ್ಕೆ ಕೂರಬೇಕೆಂಬುದನ್ನು ಸಿಪಾಯಿ ನಿರ್ಧರಿಸುತ್ತಿಲ್ಲ. ಪುಣೆಯ ಬಳಿ ಖಡಕಿಯಲ್ಲಿ 1869ರಿಂದ ನಡೆದಿರುವಂಥ ಕಾರ್ಖಾನೆಯ ಯಂತ್ರ ನಿರ್ಧರಿಸುತ್ತದೆ. ತಾನೇ ತೋಟಾ ತುಂಬಿಕೊಳ್ಳುವವನು ಮಾತ್ರ ಆ ಹೊಣೆಯನ್ನು ಮತ್ತೆ ತನ್ನ ಕೈಗೆ ತೆಗೆದುಕೊಳ್ಳುತ್ತಾನೆ.

ಒಳಗಿನ ಮದ್ದೂ ಬದಲಾಯಿತು. 1884ರಲ್ಲಿ ಪಾಲ್ ವಿಯೆಯ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ. ಕರಿಮದ್ದಿಗೂ ಇದಕ್ಕೂ ಸ್ವಭಾವದಲ್ಲಿಯೇ ಭೇದ. ಕರಿಮದ್ದು ಉರಿಯುವ ವೇಗ ಸುತ್ತಲಿನ ಒತ್ತಡಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಹೊಗೆಯಿಲ್ಲದ ಮದ್ದಾದರೋ ಒತ್ತಡ ಏರಿದಂತೆಲ್ಲ ಹೆಚ್ಚು ವೇಗವಾಗಿ ಉರಿಯುತ್ತದೆ. ವೇಗವಾಗಿ ಉರಿದಂತೆಲ್ಲ ಒತ್ತಡ ಇನ್ನೂ ಏರುತ್ತದೆ. ಇಳಿಜಾರಿನಲ್ಲಿ ಬಿಟ್ಟ ಬಂಡಿಯ ಹಾಗೆ, ಒಂದು ಇನ್ನೊಂದನ್ನು ನೂಕುತ್ತದೆ. ಆ ಮದ್ದಿಗೆ ಮೊದಲು ಸಿಗುವ ಜಾಗ ಎಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆ ಜಾಗವನ್ನು ಗೊತ್ತುಮಾಡುವುದು ಕವಚದೊಳಗೆ ಇಳಿದ ಗುಂಡಿನ ಬುಡ. ಗುಂಡನ್ನು ಒಳಗೆ ಒತ್ತಿದರೆ ಜಾಗ ಕುಗ್ಗುತ್ತದೆ, ಮದ್ದಿನ ತೂಕ ಅಷ್ಟೇ ಉಳಿಯುತ್ತದೆ.

ಪಿಸ್ತೂಲಿನ ತೋಟಾ ಚಿಕ್ಕದಾದ್ದರಿಂದ ಇಲ್ಲಿ ಕೂದಲೆಳೆಯೂ ಲೆಕ್ಕಕ್ಕೆ ಬರುತ್ತದೆ. ಜರ್ಮನಿಯ ಜಾರ್ಜ್ ಲ್ಯೂಗರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಒಂಬತ್ತು ಮಿಲಿಮೀಟರಿನ ತೋಟಾವನ್ನೇ ನೋಡಿ. ಯುರೋಪಿನ ನಿಯಮದಂತೆ ಅದರ ಕವಚ 19.15 ಮಿಲಿಮೀಟರು, ಬುಡದಿಂದ ಗುಂಡಿನ ತುದಿಯವರೆಗಿನ ಒಟ್ಟು ಉದ್ದ 29.69 ಮಿಲಿಮೀಟರನ್ನು ಮೀರಬಾರದು. ಒಳಗಿನ ಒತ್ತಡ 2,350 ಬಾರ್ ಮೀರಬಾರದು. ಅಡುಗೆಮನೆಯ ಕುಕ್ಕರು ಸೀಟಿ ಹೊಡೆಯುವಾಗ ಅದರೊಳಗೆ ಹೊರಗಿನ ಗಾಳಿಗಿಂತ ಹೆಚ್ಚಾಗಿರುವ ಒತ್ತಡ ಸುಮಾರು ಒಂದು ಬಾರ್. ಅಂಗೈಯಲ್ಲಿ ಹಿಡಿಯುವ ಯಂತ್ರದೊಳಗೆ ಅದರ ಎರಡು ಸಾವಿರ ಮಡಿಗೂ ಮೀರಿದ ಒತ್ತಡ, ಕಣ್ಣಿನ ರೆಪ್ಪೆ ಬಡಿಯುವುದರೊಳಗೆ ಹುಟ್ಟಿ ಅಳಿಯುತ್ತದೆ. ಗುಂಡು ತಯಾರಿಸುವ ಸ್ಪೀರ್ ಎಂಬ ಅಮೆರಿಕದ ಸಂಸ್ಥೆ ಇದೇ ತೋಟಾದ ಮೇಲೆ ನಡೆಸಿದ ಪರೀಕ್ಷೆಯೊಂದು ಪ್ರಸಿದ್ಧವಾಗಿದೆ. 28,000 ಮಾನದ ಒತ್ತಡ ಕೊಡುತ್ತಿದ್ದ ಈಡಿನಲ್ಲಿ ಗುಂಡನ್ನು ಬೇಕೆಂದೇ ಅಂಗುಲದ ಸಾವಿರದಲ್ಲಿ ಮೂವತ್ತು ಪಾಲಿನಷ್ಟು ಒಳಗೆ ಒತ್ತಿದರು. ಒತ್ತಡ 62,000ಕ್ಕೆ ಏರಿತು. ಆ ಮೂವತ್ತು ಪಾಲು ಎಂದರೆ ಮುಕ್ಕಾಲು ಮಿಲಿಮೀಟರು, ನೋಟುಪುಸ್ತಕದ ಏಳೆಂಟು ಹಾಳೆಗಳ ದಪ್ಪ. ಈ ಮಾನವೂ ಸ್ವಾರಸ್ಯವಾದುದು: ತಾಮ್ರದ ಸಣ್ಣ ಗಟ್ಟಿಯೊಂದನ್ನು ಸಿಡಿತದ ಒತ್ತಡಕ್ಕೆ ಒಡ್ಡಿ, ಅದು ಎಷ್ಟು ಚಪ್ಪಟೆಯಾಯಿತೆಂದು ಅಳೆದು ಹೇಳುವ ಲೆಕ್ಕ. ಎಲ್ಲ ಮದ್ದುಗಳೂ ಇಷ್ಟೇ ಉಗ್ರವಾಗಿ ವರ್ತಿಸುತ್ತವೆಂದಲ್ಲ. ಆದರೆ ಯಾವುದು ಹೇಗೆ ವರ್ತಿಸೀತೆಂದು ಮೋಟಾರುಖಾನೆಯಲ್ಲಿ ಕುಳಿತವನಿಗೆ ತಿಳಿಯುವ ದಾರಿಯಿಲ್ಲ.

ಸಂಜೆ ಫೋನಿನಲ್ಲಿ ಹುಡುಗನಿಂದ ಅಳತೆಗಳನ್ನು ತರಿಸಿಕೊಂಡೆ. ವರ್ನಿಯರ್ ಹಿಡಿಯುವ ಕೈ ಅವನದು ಚೆನ್ನಾಗಿದೆ. ಪುಸ್ತಕದಲ್ಲಿದ್ದ ಒಟ್ಟು ಉದ್ದ 29.2 ಮಿಲಿಮೀಟರು, ಅವನು ಇಟ್ಟದ್ದು 28.0. ಆದರೆ ಒಟ್ಟು ಉದ್ದವೊಂದೇ ಏನನ್ನೂ ಹೇಳುವುದಿಲ್ಲ. ಒತ್ತಡಕ್ಕೆ ಸಂಬಂಧಿಸಿದ್ದು ಗುಂಡಿನ ಮೂಗಲ್ಲ, ಬುಡ. ಕವಚದ ಉದ್ದಕ್ಕೆ ಗುಂಡಿನ ಉದ್ದ ಕೂಡಿಸಿ, ಒಟ್ಟು ಉದ್ದವನ್ನು ಕಳೆದರೆ ಗುಂಡು ಒಳಗೆ ಎಷ್ಟು ಇಳಿದಿದೆಯೆಂಬುದು ಸಿಗುತ್ತದೆ. ಪುಸ್ತಕದವರ ಗುಂಡು 15.0 ಮಿಲಿಮೀಟರಿನದು: 19.15ಕ್ಕೆ 15.0 ಕೂಡಿಸಿ 29.2 ಕಳೆದರೆ 4.95. ಇವನ ಗುಂಡು ಅದೇ ತೂಕದ್ದು, ಆದರೆ ಬೇರೆ ಆಕಾರದ್ದು, ಉದ್ದ 15.2: ಒಳಗೆ ಇಳಿದದ್ದು 6.35. ಕವಚದ ಬುಡದ ದಪ್ಪವನ್ನು ಸ್ಥೂಲವಾಗಿ ನಾಲ್ಕು ಮಿಲಿಮೀಟರು ಎಂದು ಹಿಡಿದರೆ ಪುಸ್ತಕದವರ ಮದ್ದಿಗೆ 10.2 ಮಿಲಿಮೀಟರು ಎತ್ತರದ ಜಾಗವಿತ್ತು, ಇವನದಕ್ಕೆ 8.8. ಏಳರಲ್ಲಿ ಒಂದು ಪಾಲು ಜಾಗ ಮಾಯವಾಗಿತ್ತು. ಸ್ಪೀರ್ ಸಂಸ್ಥೆಯವರು ಒತ್ತಿದ್ದು ಮುಕ್ಕಾಲು ಮಿಲಿಮೀಟರು. ಇವನು ಒತ್ತಿದ್ದು ಪುಸ್ತಕಕ್ಕಿಂತ 1.4 ಮಿಲಿಮೀಟರು ಹೆಚ್ಚು.

"ಆದರ ಕಾಕಾ, ನಾನು ಮದ್ದು ಪುಸ್ತಕದಾಗಿನ ಎಲ್ಲಕ್ಕಿಂತ ಕಡಿಮಿ ತೂಕದ್ದ ಹಾಕೀನಿ" ಎಂದ. ಅವನ ಬೆರಳುಗಳು ಇನ್ನೂ ಕೈಯಲ್ಲಿರುವುದಕ್ಕೆ ಅದೇ ಕಾರಣವಿರಬೇಕು. ಪುಸ್ತಕದ ಕನಿಷ್ಠ ತೂಕ ಪುಸ್ತಕದ ಉದ್ದಕ್ಕೆ ಮಾತ್ರ ಕನಿಷ್ಠ. ಉದ್ದ ಬದಲಿಸಿದವನಿಗೆ ಅದು ಕನಿಷ್ಠವೂ ಅಲ್ಲ, ಮಧ್ಯಮವೂ ಅಲ್ಲ, ಅಳೆಯದ ಸಂಖ್ಯೆ. ಕೇಪು ಚಪ್ಪಟೆಯಾದದ್ದನ್ನು ಒತ್ತಡದ ಕುರುಹೆಂದು ಹೇಳುವುದುಂಟು. ಅದು ಕಂಡರೆ ನಿಲ್ಲಿಸಬೇಕು, ನಿಜ; ಆದರೆ ಕಾಣದಿದ್ದರೆ ಕ್ಷೇಮವೆಂದು ತಿಳಿಯುವುದು ಮೂರ್ಖತನ.

ಹಾಗಾದರೆ ಸರಿಯಾದ ಉದ್ದ ಯಾವುದು? ಅದಕ್ಕೆ ಮೇಲೊಂದು ಎಲ್ಲೆಯಿದೆ, ಕೆಳಗೊಂದು ಎಲ್ಲೆಯಿದೆ. ಮೇಲಿನ ಎಲ್ಲೆಯನ್ನು ಅವರವರ ಪಿಸ್ತೂಲೇ ಹೇಳುತ್ತದೆ. ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು. ಅದರ ಮುಂದೆ ಗುಂಡನ್ನು ಬುಗುರಿಯಂತೆ ತಿರುಗಿಸುವ ತಿರುಪುಗೆರೆಗಳು. ಕೆಲವು ನಳಿಗೆಗಳಲ್ಲಿ ಆ ಗೆರೆಗಳು ಗೂಡಿನ ಬಾಯಲ್ಲಿಯೇ ಶುರುವಾಗುತ್ತವೆ, ಕೆಲವಲ್ಲಿ ಸ್ವಲ್ಪ ಮುಂದೆ. ತೋಟಾ ಉದ್ದವಾಗಿದ್ದರೆ, ಅಥವಾ ಗುಂಡು ಮೂಗಿನ ಹತ್ತಿರವೇ ದಪ್ಪಗಿದ್ದರೆ, ಅದರ ಹೆಗಲು ತಿರುಪುಗೆರೆಗೆ ತಾಗಿ ನಿಲ್ಲುತ್ತದೆ. ಆಗ ಪಿಸ್ತೂಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಬಲವಂತವಾಗಿ ಮುಚ್ಚಿದರೆ ಗುಂಡು ಗೆರೆಗಳಲ್ಲಿ ಕಚ್ಚಿಕೊಂಡು ಒತ್ತಡ ಏರುತ್ತದೆ. ಹಾರಿಸದೆ ಹೊರತೆಗೆಯಹೋದರೆ ಗುಂಡು ನಳಿಗೆಯಲ್ಲಿಯೇ ಉಳಿದು, ಬರಿಯ ಕವಚ ಹೊರಬಂದು, ಮದ್ದೆಲ್ಲ ಯಂತ್ರದೊಳಗೆ ಚೆಲ್ಲುತ್ತದೆ. ಹುಡುಗನ ತೊಂದರೆ ಶುರುವಾದದ್ದು ಇಲ್ಲಿ. ಪುಸ್ತಕದವರ ಗುಂಡು ಚೂಪು, ಇವನದು ಅಗಲ ಮೂಗಿನದು. ಅದಕ್ಕೆ ಅವನು ಕಂಡುಕೊಂಡ ಪರಿಹಾರ ಒತ್ತುವುದು.

ಮಾಡಬೇಕಾಗಿದ್ದುದು ಬೇರೆ. ಮದ್ದಾಗಲಿ ಕೇಪಾಗಲಿ ಇಲ್ಲದ ಹುಸಿ ತೋಟಾ ಒಂದನ್ನು ಬೇಕೆಂದೇ ಉದ್ದವಾಗಿ ಮಾಡಿಕೊಳ್ಳಬೇಕು. ಪಿಸ್ತೂಲು ಖಾಲಿಯಿದೆಯೆಂದು ಎರಡು ಸಲ ನೋಡಿಕೊಂಡು ನಳಿಗೆಯನ್ನು ಬಿಚ್ಚಿ ಕೈಗೆ ತೆಗೆದುಕೊಂಡು, ಹುಸಿ ತೋಟಾವನ್ನು ಗೂಡಿಗೆ ಬಿಡಬೇಕು. ಸರಿಯಾದ ತೋಟಾ ಟಕ್ಕೆಂದು ತನ್ನ ಭಾರದಿಂದಲೇ ಬಿದ್ದು ಕೂರುತ್ತದೆ, ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ, ನಳಿಗೆಯನ್ನು ಬೋರಲು ಹಾಕಿದರೆ ತಾನೇ ಹೊರಬೀಳುತ್ತದೆ. ಉದ್ದವಾದದ್ದು ಕಚ್ಚಿಕೊಂಡು ನಿಲ್ಲುತ್ತದೆ. ಕಚ್ಚಿದರೆ ಚೂರು ಒಳಗೆ ಒತ್ತಿ ಮತ್ತೆ ನೋಡಬೇಕು. ಸಲೀಸಾಗಿ ತಿರುಗಿದ ಮೊದಲ ಉದ್ದವೇ ಆ ಗುಂಡಿಗೆ ಆ ನಳಿಗೆಯಲ್ಲಿ ಗರಿಷ್ಠ. ಎಲ್ಲ ಗುಂಡುಗಳೂ ಪಡಿಯಚ್ಚಾಗಿರುವುದಿಲ್ಲವಾದ್ದರಿಂದ ಅದರಿಂದ ಅರ್ಧ ಮಿಲಿಮೀಟರಿನಷ್ಟು ಕಳೆದು ಇಟ್ಟುಕೊಳ್ಳುವುದು ರೂಢಿ. ಅದು ಮ್ಯಾಗಜೀನಿನೊಳಗೂ ಹಿಡಿಸಬೇಕು, ಅಲ್ಲಿಂದ ಗೂಡಿಗೆ ಸರಾಗವಾಗಿ ಏರಲೂಬೇಕು. ಗೆಳೆಯನ ಪಿಸ್ತೂಲಿನಲ್ಲಿ ಸರಿಹೋದ ಉದ್ದ ನಮ್ಮದಕ್ಕೆ ಹೊಂದೀತೆಂಬ ಭರವಸೆಯಿಲ್ಲ.

ಕೆಳಗಿನ ಎಲ್ಲೆಯನ್ನು ಪಿಸ್ತೂಲು ಹೇಳುವುದಿಲ್ಲ, ಅಪಾಯವಿರುವುದು ಅಲ್ಲಿಯೇ. ಹೆಚ್ಚು ಒತ್ತಿದ ತೋಟಾ ಗೂಡಿಗೆ ಇನ್ನೂ ಸಲೀಸಾಗಿ ಬೀಳುತ್ತದೆ, ಮ್ಯಾಗಜೀನಿನಲ್ಲಿ ಇನ್ನೂ ಚೆನ್ನಾಗಿ ಹಿಡಿಸುತ್ತದೆ. ಯಂತ್ರವೆಲ್ಲ ಸರಿಯೆನ್ನುತ್ತದೆ. ಬೇಡವೆನ್ನುವುದು ಪುಸ್ತಕವೊಂದೇ, ಅಂದರೆ ಒತ್ತಡವನ್ನು ನಿಜವಾಗಿ ಅಳೆದು ನೋಡಿದವರು. ಆದ್ದರಿಂದ ತನ್ನ ನಳಿಗೆ ಒಪ್ಪುವ ಉದ್ದ ಪುಸ್ತಕದವರು ಪರೀಕ್ಷಿಸಿದ ಉದ್ದಕ್ಕಿಂತ ಕಡಿಮೆಯಾದರೆ, ಅದೇ ಗುಂಡಿಗೆ, ಅಷ್ಟೇ ಉದ್ದಕ್ಕೆ ಪರೀಕ್ಷಿಸಿ ಕೊಟ್ಟ ಲೆಕ್ಕವನ್ನು ಗುಂಡಿನ ತಯಾರಕರಿಂದಲೇ ಪಡೆಯಬೇಕು, ಅದರ ಕನಿಷ್ಠದಿಂದ ಆರಂಭಿಸಬೇಕು. ಸಿಗದಿದ್ದರೆ ಆ ಗುಂಡನ್ನು ಬಿಟ್ಟು ಬೇರೆ ಗುಂಡು ಕೊಳ್ಳಬೇಕು. ತಾನೇ ಅಂದಾಜು ಮಾಡಿ ಮದ್ದು ಇಳಿಸುತ್ತೇನೆಂದು ಹುಡುಗ ಹೇಳಿದ. ಎಂಜಿನಿಯರ್ ಅಲ್ಲವೇ! ಆ ಲೆಕ್ಕ ಸರಳರೇಖೆಯದಲ್ಲವೆಂದು ನಾನು ಹೇಳಿದೆ. ಜಾಗ ಏಳರಲ್ಲಿ ಒಂದು ಪಾಲು ಕುಗ್ಗಿದರೆ ಮದ್ದನ್ನೂ ಏಳರಲ್ಲಿ ಒಂದು ಪಾಲು ಇಳಿಸಿದರಾಯಿತೆನ್ನುವುದು ಅಡುಗೆಯ ಲೆಕ್ಕ; ಉರಿಯುವ ವೇಗವೇ ಬದಲಾಗುವಲ್ಲಿ ಅದು ನಡೆಯದು.

ಇನ್ನೊಂದು ಮಾತನ್ನು ಅವನಿಗೆ ಹೇಳಿದೆ. ಸರಿಯಾದ ಉದ್ದಕ್ಕೆ ಮಾಡಿದ ತೋಟಾ ಕೂಡ ಆಮೇಲೆ ತಾನಾಗಿ ಕುಗ್ಗಬಹುದು. ಮ್ಯಾಗಜೀನಿನಿಂದ ಗೂಡಿಗೆ ಏರುವಾಗ ಗುಂಡಿನ ಮೂಗು ಇಳಿಜಾರಿಗೆ ಬಡಿಯುತ್ತದೆ. ಕವಚದ ಬಾಯಿ ಗುಂಡನ್ನು ಬಿಗಿಯಾಗಿ ಹಿಡಿದಿರದಿದ್ದರೆ ಪ್ರತಿ ಬಡಿತಕ್ಕೂ ಗುಂಡು ಚೂರುಚೂರೇ ಒಳಸರಿಯುತ್ತದೆ. ದಿನವೂ ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ಅದೇ ತೋಟಾವನ್ನು ಏರಿಸುವವರಲ್ಲಿ ಇದು ಹೆಚ್ಚು. ಕಾರ್ಖಾನೆಯ ತೋಟಾವೂ ಇದಕ್ಕೆ ಹೊರತಲ್ಲ. ಆದ್ದರಿಂದ ತುಂಬಿದ ತೋಟಾವನ್ನು ಮೇಜಿನ ಅಂಚಿಗೆ ಆನಿಸಿ ಹೆಬ್ಬೆರಳಿನ ಬಲದಿಂದ ಒತ್ತಿ ನೋಡಿ, ಮತ್ತೆ ಅಳೆಯಬೇಕು. ಅಳತೆ ಬದಲಾದರೆ ಹಿಡಿತ ಸಾಲದು.

ಎಲ್ಲವನ್ನೂ ಕೇಳಿಸಿಕೊಂಡ ಮೇಲೆಯೂ ಅವನ ದನಿಯಲ್ಲಿ ಒಂದು ಅನುಮಾನ ಉಳಿದಿತ್ತು. "ಐದು ಹಾರಿಸೀನಲ್ಲ ಕಾಕಾ, ಏನೂ ಆಗಲಿಲ್ಲ" ಎಂದ. ಎರಡು ನೂರು ತೋಟಾಗಳನ್ನು ಬಿಚ್ಚುವುದು ಬೇಸರದ ಕೆಲಸ, ನನಗೂ ಗೊತ್ತು. ಆಗ ನಾನು ಅದುವರೆಗೆ ಯಾರಿಗೂ, ನನ್ನ ಹೆಂಡತಿಗೂ ಹೇಳದಿದ್ದ ಮಾತನ್ನು ಹೇಳಿದೆ: ದೊಡ್ಡಜ್ಜ ಎರಡು ಸಲ ತುಂಬಲಿಲ್ಲ, ಎರಡನೆಯ ಸಲ ತುಂಬಿದವನು ನಾನು; ಗೆರೆ ಮೂರು ಬೆರಳು ಮೇಲೆ ನಿಂತದ್ದನ್ನು ನೋಡಿಯೂ ಸುಮ್ಮನಿದ್ದೆ. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಲೈನು ಕಡಿದಿರಬೇಕೆಂದು ತಿಳಿದೆ. ಆಮೇಲೆ, "ಆ ಗಜ ಇನ್ನೂ ಮನ್ಯಾಗ ಐತೇನ ಕಾಕಾ?" ಎಂದು ಕೇಳಿದ.

ಇದೆ. ಸೀಳಿದ ಬಂದೂಕನ್ನು ಆಗಲೇ ಪೊಲೀಸ್ ಠಾಣೆಗೆ ಒಪ್ಪಿಸಿದ್ದಾಯಿತು. ಗಜವನ್ನು ಯಾರೂ ಕೇಳಲಿಲ್ಲ. ದೊಡ್ಡಮ್ಮ ಅದನ್ನು ಒಲೆಯ ಕೆಂಡ ಕೆದಕಲು ಬಳಸಿದಳು, ಆಕೆಯ ನಂತರ ಅದು ಅಟ್ಟ ಸೇರಿತ್ತು. ಮರುದಿನ ಊರಿಗೆ ಹೋಗಿ ಇಳಿಸಿದೆ. ತುಕ್ಕನ್ನು ತಿಕ್ಕಿದ ಮೇಲೆ ಎರಡೂ ಗೆರೆಗಳು ಕಾಣಿಸಿಕೊಂಡವು. ಕಾಲೇಜಿನಿಂದ ನಿವೃತ್ತನಾದಾಗ ಹುಡುಗರು ಕೊಟ್ಟಿದ್ದ ವರ್ನಿಯರಿನಿಂದ ಅವುಗಳ ನಡುವಿನ ಅಂತರ ಅಳೆದೆ: 56.4 ಮಿಲಿಮೀಟರು. ಚಿತ್ರ ತೆಗೆದು ಕಳಿಸಿದೆ.

ಗುಂಡು ಕಳಚುವುದಕ್ಕೆ ಅಲ್ಲಿ ಸುತ್ತಿಗೆಯಂಥ ಒಂದು ಉಪಕರಣ ಸಿಗುತ್ತದಂತೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಕಲ್ಲಿಗೆ ಬಡಿದರೆ ಗುಂಡು ಜಾರಿ ಮುಂದೆ ಬರುತ್ತದೆ. ನೂರಾ ತೊಂಬತ್ತೈದನ್ನು ಕಳಚಲು ಅವನಿಗೆ ನಾಲ್ಕು ಸಂಜೆ ಹಿಡಿಯಿತು. ಅಷ್ಟರಲ್ಲಿ ಗುಂಡಿನ ತಯಾರಕರಿಗೆ ಬರೆದು ಆ ಅಗಲ ಮೂಗಿನ ಗುಂಡಿಗೆ ಬೇರೆಯೇ ಲೆಕ್ಕ ತರಿಸಿಕೊಂಡಿದ್ದ. ಅದರಲ್ಲಿ ಮದ್ದಿನ ಗರಿಷ್ಠ ತೂಕವು, ಅವನು ಕನಿಷ್ಠವೆಂದು ಹಾಕಿದ್ದ ತೂಕಕ್ಕಿಂತಲೂ ಕಡಿಮೆಯಿತ್ತು.